ಬಿಜಲಿ ಹೋದ ಸೋಮವಾರ

ಖಣಿಯೊಳಗೆ ನೀರು ಹೇಗೆ ಬರುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಅದು ತಿಳಿಯದಿದ್ದರೆ ನಾನು ಮಾಡಿದ್ದು ಎಂಥದು ಎಂಬುದೂ ತಿಳಿಯುವುದಿಲ್ಲ.

ಶಹಾಬಾದಿನ ಕಲ್ಲು ನೆಲದೊಳಗೆ ಬುಟ್ಟಿಯಲ್ಲಿ ಒಟ್ಟಿದ ರೊಟ್ಟಿಯ ಹಾಗೆ ಪದರ ಪದರವಾಗಿ ಮಲಗಿರುತ್ತದೆ. ಹಾರೆ ಹಾಕಿ ಒಂದೊಂದೇ ಪದರ ಎಬ್ಬಿಸಬೇಕು. ಎಬ್ಬಿಸಿದ್ದಕ್ಕೆ ನಾವು ಪರ್ಸಿ ಅನ್ನುತ್ತೇವೆ. ಮಳೆಗಾಲದಲ್ಲಿ ಮುಗಿಲಿನಿಂದ ನೇರ ಬೀಳುವ ನೀರಿಗೆ ಯಾರೂ ಅಂಜುವುದಿಲ್ಲ. ಈ ಪದರಗಳ ಸಂದಿಯಿಂದ ಸಪ್ಪಳವಿಲ್ಲದೆ ಜಿನುಗಿ ಬರುತ್ತದಲ್ಲ, ಅಂಜುವುದು ಅದಕ್ಕೆ. ಹೊರಗೆ ಮಳೆ ನಿಂತು ಬಿಸಿಲು ಬಿದ್ದರೂ ಅದು ನಿಲ್ಲುವುದಿಲ್ಲ.

ನಾನು ಕೆಲಸಕ್ಕಿದ್ದ ಕಂಪನಿಯ ಖಣಿ ನಾಲ್ಕಾಳು ಆಳ ಇತ್ತು. ತಳದಿಂದ ಒಂದಾಳು ಎತ್ತರಕ್ಕೆ ಒಂದು ಕಟ್ಟೆ, ಆ ಕಟ್ಟೆಯ ಮೇಲೆ ಬಿಜಲಿಯ, ಅಂದರೆ ಕರೆಂಟಿನ, ಪಂಪು. ಬಿಜಲಿ ಇದ್ದಷ್ಟು ಹೊತ್ತು ನೀರು ತಳದಲ್ಲೇ ಇರುತ್ತಿತ್ತು. ಹೋದರೆ ಅರ್ಧ ದಿನದೊಳಗೆ ಕಟ್ಟೆ ಮುಟ್ಟುತ್ತಿತ್ತು. ಮೋಟರಿಗೆ ನೀರು ಹತ್ತಿತೋ, ಬಿಚ್ಚಿ ಮುಂಬಯಿಗೆ ಕಳಿಸಬೇಕು. ಅದು ಎರಡನೇ ದೊಡ್ಡ ಲಡಾಯಿಯ ಕಾಲ. ಕಳಿಸಿದ ಸಾಮಾನು ಯಾವಾಗ ತಿರುಗಿ ಬಂದೀತು ಅಂತ ಯಾರೂ ಹೇಳುವ ಹಾಗಿರಲಿಲ್ಲ. ಬರುವ ತನಕ ಖಣಿ ಬಂದ್, ಕೂಲಿಯೂ ಬಂದ್.

ಹಾಗಾಗಿ ಬಿಜಲಿ ಹೋದಾಗ ನೀರು ತಡೆಯಲು ಎರಡು ದಾರಿ ಇದ್ದವು. ಒಂದು ಎಣ್ಣೆ ಇಂಜಿನ್ನು. ಆದರೆ ಎಣ್ಣೆ ಪರವಾನಗಿಯ ಮೇಲೆ ಸಿಗುತ್ತಿತ್ತು, ಅದೂ ಅರೆಬರೆ. ಇನ್ನೊಂದು ಮೊಟ್ಟೆ. ಹೊಲದ ಬಾವಿಯಲ್ಲಿ ಎತ್ತು ಹೂಡಿ, ತೊಗಲಿನ ದೊಡ್ಡ ಚೀಲದಿಂದ ನೀರು ಎತ್ತುತ್ತಾರಲ್ಲ, ಅದೇ. ಖಣಿಯ ದಂಡೆಗೆ ಕಂಬ ನೆಟ್ಟು, ಗಡಗಡಿ ಕೂಡಿಸಿ, ಎತ್ತು ಇಳಿಯಲು ಇಳಿಜಾರು ಕಡಿದು, ಬಿಜಲಿ ಬರುವುದಕ್ಕೂ ಮೊದಲೇ ಅದನ್ನು ಕಟ್ಟಿದ್ದರು. ಮೊಟ್ಟೆಯಿಂದ ಖಣಿ ಒಣಗುತ್ತಿರಲಿಲ್ಲ. ನೀರು ಕಟ್ಟೆ ಹತ್ತದಂತೆ ಹಿಡಿದು ನಿಲ್ಲಿಸಬಹುದಿತ್ತು, ಅಷ್ಟೇ. ಅಷ್ಟು ಸಾಕಾಗುತ್ತಿತ್ತು.

ನಾನು ಚಿಂಚೋಳಿ ತಾಲೂಕಿನ ಐನಾಪುರದವ. ಒಕ್ಕಲುತನದ ಮನೆ. ನಮ್ಮ ಮನೆತನದಲ್ಲಿ ಸಹಿ ಮಾಡಲು ಕಲಿತವರೇ ನನಗಿಂತ ಮುಂಚೆ ಯಾರೂ ಇರಲಿಲ್ಲ. ಗುಲಬರ್ಗಾದ ಮಠವೊಂದರ ಪಂಕ್ತಿಯಲ್ಲಿ ಉಂಡು ಮೆಟ್ರಿಕ್ ಮುಗಿಸಿದೆ. ಹೈದರಾಬಾದಿಗೆ ಹೋಗಿ, ಮನೆಯಲ್ಲಿ ಯಾರೂ ಆಡದ ಉರ್ದುವಿನಲ್ಲಿ ಓದಿ ಬಿ.ಎ. ಮಾಡಿದೆ. ಒಮ್ಮೆ ಫೇಲಾಗಿ ಮತ್ತೆ ಕುಂತು ಪಾಸಾದೆ. ಅದರ ಬಗ್ಗೆ ನನಗೆ ಅಭಿಮಾನ ಇತ್ತು, ಈಗಲೂ ಇದೆ, ಮುಚ್ಚಿಡುವುದಿಲ್ಲ. ಊರಿಗೆ ಹೋದರೆ ನನ್ನಪ್ಪನ ವಾರಗೆಯವರು ಕಟ್ಟೆಯ ಮೇಲೆ ಜಾಗ ಬಿಟ್ಟು, "ಬರ್ರಿ, ಕುಂದ್ರಿ" ಅನ್ನುತ್ತಿದ್ದರು. ಬೇಡ ಅನ್ನುತ್ತಲೇ ನಾನು ಕುಂದ್ರುತ್ತಿದ್ದೆ.

ಕಂಪನಿಯ ದಫ್ತರಿಗೆ, ಅಂದರೆ ಕಚೇರಿಗೆ, ಸೇರಿದ ವರ್ಷವೇ ಮ್ಯಾನೇಜರ್ ಸಾಹೇಬರು ಕರೆದರು. ಹೈದರಾಬಾದಿನವರು, ಕನ್ನಡ ಬಾರದವರು, ಕೆಲಸದಲ್ಲಿ ಕಟ್ಟುನಿಟ್ಟು, ಮಾತಿನಲ್ಲಿ ಚುಚ್ಚು.

"ಬಿಜಲಿ ಹೋದಾಗೆಲ್ಲ ನಮ್ಮವರು ಕೋಳಿ ಗೂಡಿಗೆ ಬೆಕ್ಕು ಹೊಕ್ಕ ಹಾಗೆ ಮಾಡತಾರೆ," ಅಂದರು. "ಮೊದಲು ಯಾರು ಏನು ಮಾಡಬೇಕು, ಆಮೇಲೆ ಏನು, ಎಲ್ಲಾ ಒಂದು ಕಾಗದದ ಮೇಲೆ ಬರಬೇಕು. ನೀವು ಬಿ.ಎ. ಅಲ್ಲವೇ, ಬರೆಯಿರಿ."

ಬಿಜಲಿ ಬಂದ್ ಆದಾಗಿನ ಇಂತಜಾಮು, ಅಂದರೆ ಏರ್ಪಾಡು, ಅಂತ ಉರ್ದುವಿನಲ್ಲಿ ತಲೆಬರಹ ಹಾಕಿ ಬರೆಯಲು ಕುಂತೆ. ನನ್ನ ಜೀವನದಲ್ಲಿ ಅಷ್ಟು ಶ್ರದ್ಧೆಯಿಂದ ಪರೀಕ್ಷೆಯನ್ನೂ ಬರೆದಿರಲಿಲ್ಲ. ಪಂಪಿನವನನ್ನು, ಇಂಜಿನ್ನಿನವನನ್ನು, ಪಾಲಿಶ್ ಮಾಡುವ ಛಪ್ಪರದ ಮುಕಾದಮನನ್ನು ಕೂಡಿಸಿಕೊಂಡು ಕೇಳಿದೆ. ಕಡೆಗೆ ಮೊಟ್ಟೆಯ ಹತ್ತಿರ ಹೋದೆ.

ಅಲ್ಲಿ ಎರಡು ಜೋಡಿ ಎತ್ತು ಇದ್ದವು. ಒಂದು ಜೋಡಿ ಸೇಡಂ ಕಡೆಯ ಒಬ್ಬ ಮುದುಕನದು, ಕೊರಳಲ್ಲಿ ಲಿಂಗ, ಹಣೆಗೆ ದಿನಾ ವಿಭೂತಿ. ನಾನು ಅವರಿಗೆ ಕಾಕಾ ಅನ್ನುತ್ತಿದ್ದೆ, ಅವರು ನನಗೆ ತಮ್ಮಾ. ದಫ್ತರಿನಲ್ಲಿ ನಮ್ಮ ಮಾತು ಆಡುವ ಒಬ್ಬ ಹುಡುಗ ಬಂದನಲ್ಲ ಅಂತ ಅವರಿಗೆ ಖುಷಿ. ಇನ್ನೊಂದು ಜೋಡಿ ಶಹಾಬಾದಿನದೇ ಒಬ್ಬ ಮುಸಲ್ಮಾನ ಬಂಡಿಯವನದು. ಅವನಿಗೆ ಎಲ್ಲರೂ ಮಾಮು ಅನ್ನುತ್ತಿದ್ದರು.

"ಎರಡು ಜೋಡಿ ಯಾಕ ಕಾಕಾ? ಮೊಟ್ಟಿ ಒಂದೇ ಅದಲ್ಲ," ಅಂದೆ.

"ಸೋಮವಾರ ನಾ ಎತ್ತಿನ ಹೆಗಲಿಗೆ ನೊಗ ಇಡಂಗಿಲ್ಲಲ್ಲ ತಮ್ಮಾ. ಅವತ್ತು ಮಾಮು ಹೂಡತಾನ. ಶುಕ್ರವಾರ ಮಾಮು ನಮಾಜಿಗೆ ಹೋಗತಾನ, ಅವತ್ತು ಇಡೀ ದಿನ ನಂದು. ನಾವಿಬ್ಬರೂ ಮಾತಾಡಿಕೊಂಡೀವಿ."

ಮಾಮು ಮೇವು ಹಾಕುತ್ತಿದ್ದವ ತಿರುಗಿ ನೋಡದೆ ಅಂದ: "ಇವನ ದೇವರಿಗೆ ಸೋಮವಾರ ಛುಟ್ಟಿ, ನನ್ನ ದೇವರಿಗೆ ಶುಕ್ರವಾರ. ನೀರಿಗೆ ಯಾವ ವಾರ ಛುಟ್ಟಿ ಅಂತ ನೀವರ ಬಿ.ಎ. ಪುಸ್ತಕದಾಗ ನೋಡಿ ಹೇಳ್ರಿ ಸಾಬ್."

"ಬರಕೋ ತಮ್ಮಾ," ಅಂದರು ಕಾಕಾ. "ಸೋಮವಾರದ್ದು ಮರೀಬ್ಯಾಡ. ಅದೊಂದು ಕಾಗದದಾಗ ಇರಲಿ."

ಬರೆದುಕೊಳ್ಳಬೇಕಾದ್ದೇ ಇರಲಿಲ್ಲ. ನಮ್ಮ ಮನೆಯಲ್ಲೂ ಸೋಮವಾರ ಎತ್ತು ಹೂಡುತ್ತಿರಲಿಲ್ಲ. ಬಸವಣ್ಣನ ದಿನ ಅಂತ ಅಪ್ಪ ಅವುಗಳ ಮೈ ತೊಳೆದು, ಕೊಂಬಿಗೆ ಎಣ್ಣೆ ಸವರಿ ಬಿಡುತ್ತಿದ್ದ. ಬಿತ್ತಿಗೆಯ ಹದ ತಪ್ಪಿಹೋಗುವಂತಿದ್ದರೂ ನೊಗ ಮುಟ್ಟುತ್ತಿರಲಿಲ್ಲ. ಇದು ನನಗೆ ಅಕ್ಷರಕ್ಕಿಂತ ಮೊದಲು ಗೊತ್ತಿದ್ದ ಮಾತು.

ಆದರೂ ಕಾಗದದಲ್ಲಿ ಬರೆಯಲಿಲ್ಲ. ಆ ವಾರವಷ್ಟೇ ದಫ್ತರಿನ ಕಾರಕೂನನೊಬ್ಬ ಅಮಾಸೆಗೆ ಅರ್ಧ ದಿನ ರಜೆ ಕೇಳಿದಾಗ ಸಾಹೇಬರು ಎಲ್ಲರ ಮುಂದೆ, "ಇದು ಕಂಪನಿಯೋ ಮಠವೋ?" ಅಂದಿದ್ದರು. ಎಲ್ಲರೂ ನಕ್ಕಿದ್ದರು. ಮಠದಲ್ಲಿ ಉಂಡು ಓದಿದ ನಾನೂ ನಕ್ಕಿದ್ದೆ. ಈಗ ನನ್ನ ಮೊದಲ ದೊಡ್ಡ ಕಾಗದದಲ್ಲಿ, ಹೈದರಾಬಾದಿನ ದೊಡ್ಡ ದಫ್ತರಿಗೆ ಹೋಗುವ ಕಾಗದದಲ್ಲಿ, ಸೋಮವಾರ ಎತ್ತಿಗೆ ರಜೆ ಅಂತ ಬರೆದರೆ ಹಳ್ಳಿಯವನ ಬಣ್ಣ ಬಯಲಾದೀತು ಅನಿಸಿತು. ಎರಡು ಜೋಡಿ ಎತ್ತು ಮಳೆಗಾಲ ಪೂರ್ತಿ ಮೇವು ತಿಂದು ನಿಲ್ಲುವುದಕ್ಕೆ ಆ ಕಾರಣ ಬಿಟ್ಟು ಬೇರೆ ಕಾರಣವೂ ಇರಲಿಲ್ಲ. ಹಾಗಾಗಿ ಬರೆದೆ: ಒಂದು ಜೋಡಿ ಎತ್ತು ಸಾಕು, ಅದು ವಾರದ ಏಳೂ ದಿನ ಹಾಜರಿರತಕ್ಕದ್ದು, ಇನ್ನೊಂದು ಜೋಡಿಯನ್ನು ವಾಡಿ ಸ್ಟೇಷನ್ನಿನಲ್ಲಿ ಪರ್ಸಿ ತುಂಬುವ ಕೆಲಸಕ್ಕೆ ಕಳಿಸತಕ್ಕದ್ದು.

ಸಾಹೇಬರು ಓದಿ, "ಇದು ಓದಿದವರ ಕೆಲಸ," ಅಂದರು. ಆ ಮಾತಿಗೆ ನಾನು ಎರಡು ದಿನ ಉಬ್ಬಿಕೊಂಡು ತಿರುಗಾಡಿದೆ.

ಕಾಗದದಲ್ಲಿ ಯಾರ ಯಾರ ಕೆಲಸ ಬರೆದಿದೆಯೋ ಅವರೆಲ್ಲರಿಗೂ ಓದಿ ಹೇಳಿ, ಅವರ ಸಹಿ ಇಲ್ಲವೇ ಹೆಬ್ಬೆಟ್ಟು ತೊಗೊಳ್ಳಬೇಕು ಅಂತ ಹುಕುಂ ಆಯಿತು. ಕಾಕಾನ ಮುಂದೆ ಕುಂತು, ಉರ್ದುವಿನ ಸಾಲುಗಳ ಮೇಲೆ ಬೆರಳಾಡಿಸುತ್ತಾ, ನಮ್ಮ ಮಾತಿನಲ್ಲಿ ಓದಿ ಹೇಳಿದೆ. ಬಿಜಲಿ ಹೋದ ಕೂಡಲೇ ಗಂಟೆ ಬಾರಿಸುವುದು, ಇಂಜಿನ್ನಿಗೆ ಪಟ್ಟಾ ಹಾಕುವುದು, ಎಣ್ಣೆ ತೀರುವ ಮೊದಲೇ ಎತ್ತು ತಂದು ನಿಲ್ಲಿಸುವುದು. ಏಳೂ ದಿನ ಅನ್ನುವ ಸಾಲು ಬಂದಾಗ ಅದನ್ನು ಬಿಟ್ಟು ಮುಂದಿನ ಸಾಲಿಗೆ ಹೋದೆ. ಮಾಮುವನ್ನು ವಾಡಿಗೆ ಕಳಿಸುವುದು ಮಾತ್ರ ಹೇಳಿದೆ.

"ಮತ್ತ ಸೋಮವಾರ?" ಅಂದರು ಕಾಕಾ.

"ನೋಡಿಕೊಳ್ಳೂಣ ಕಾಕಾ. ಬಿಜಲಿ ಸೋಮವಾರನೇ ಹೋಗತದ ಅಂತ ಏನದ?"

ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಆಮೇಲೆ ಹೆಬ್ಬೆಟ್ಟು ಒತ್ತಿದರು.

ಮೂರು ವಾರ ಎಲ್ಲ ಸರಿಯಾಗಿ ನಡೆಯಿತು. ಎರಡು ಸಲ ಬಿಜಲಿ ಹೋಯಿತು. ಗಂಟೆ ಬಾರಿಸಿದರು, ಪ್ರತಿಯೊಬ್ಬ ತನ್ನ ಜಾಗಕ್ಕೆ ಹೋಗಿ ನಿಂತ. ಯಾರೂ ಯಾರನ್ನೂ ಕೂಗಲಿಲ್ಲ. ನಾನು ದಂಡೆಯ ಮೇಲೆ ಕೈ ಕಟ್ಟಿ ನಿಂತು ನೋಡಿದೆ.

ಆಮೇಲೆ ಶ್ರಾವಣದ ಒಂದು ಸೋಮವಾರ. ಹಿಂದಿನ ದಿನದ ಗಾಳಿಗೆ ತಂತಿಯ ಕಂಬಗಳು ಸಡಿಲಾಗಿದ್ದವು. ಬೆಳಿಗ್ಗೆ ಕೆಲಸ ಸುರುವಾಗಿ ಇನ್ನೂ ಊಟದ ಹೊತ್ತಾಗಿರಲಿಲ್ಲ, ಬಿಜಲಿ ಹೋಯಿತು. ಕಂಬ ಬಿದ್ದದ, ಸಂಜಿ ತನಕ ಬರಂಗಿಲ್ಲ ಅಂತ ಸುದ್ದಿ ಬಂತು. ಇಂಜಿನ್ನು ಹಚ್ಚಿದರು. ಆ ತಿಂಗಳ ಎಣ್ಣೆ ಇನ್ನೂ ಕೈಗೆ ಬಂದಿರಲಿಲ್ಲ. ಇದ್ದ ಎಣ್ಣೆ ಮಧ್ಯಾಹ್ನಕ್ಕೆ ತೀರಿತು. ನೀರು ಏರಲು ಹತ್ತಿತು.

ಕಾಕಾ ಎತ್ತಿನ ಮೈ ತೊಳೆದು ಬೇವಿನ ಗಿಡದ ಕೆಳಗೆ ಕಟ್ಟಿದ್ದರು. ಹಣೆಗೆ ವಿಭೂತಿ ಹಚ್ಚಿದ್ದರು, ತಮಗೂ, ಎತ್ತಿಗೂ.

ಸಾಹೇಬರು ಖಣಿಯ ದಂಡೆಗೆ ಬಂದು, "ಎತ್ತು ಎಲ್ಲಿ?" ಅಂದರು.

"ಇವತ್ತ ಸೋಮವಾರ ಅದರ್ರೀ," ಅಂದರು ಕಾಕಾ.

ಸಾಹೇಬರಿಗೆ ತಿಳಿಯಲಿಲ್ಲ. ನಾನು ಉರ್ದುವಿನಲ್ಲಿ ಹೇಳಿದೆ. ಹೇಳುವಾಗ ನನ್ನ ದನಿ ನನಗೇ ಕೇಳಿಸದಷ್ಟು ಸಣ್ಣದಾಗಿತ್ತು. ಸಾಹೇಬರು ಕಾಗದ ತರಿಸಿದರು. ಏಳೂ ದಿನ ಅನ್ನುವ ಸಾಲಿನ ಮೇಲೆ ಬೆರಳಿಟ್ಟು, ಅದರ ಕೆಳಗಿನ ಹೆಬ್ಬೆಟ್ಟು ತೋರಿಸಿದರು.

"ಇದು ಯಾರದು ಕೇಳಿ."

"ನಂದೇ," ಅಂದರು ಕಾಕಾ.

"ಓದಿ ಹೇಳಿದ್ದರೋ ಇಲ್ಲವೋ?"

ನಾನು ಅದನ್ನು ಕಾಕಾನಿಗೆ ಕನ್ನಡದಲ್ಲಿ ಕೇಳಬೇಕಾಯಿತು. ನಾನೇ ಕೇಳಿದೆ: "ನಿಮಗ ಇದು ಓದಿ ಹೇಳಿತ್ತೋ ಇಲ್ಲೋ, ಕೇಳಲಿಕತ್ತಾರ." ಕೇಳುವ ಅವಶ್ಯ ಇರಲಿಲ್ಲ. ಉತ್ತರ ನನ್ನ ಹತ್ತಿರವೇ ಇತ್ತು. ಇಲ್ಲ ಸಾಹೇಬ್, ಆ ಸಾಲು ನಾನು ಓದಲಿಲ್ಲ ಅಂತ ಅನ್ನಬೇಕಿತ್ತು. ಸುತ್ತ ನಲವತ್ತು ಮಂದಿ ನಿಂತಿದ್ದರು. ನಾನು ಕಾಕಾನ ಬಾಯಿ ನೋಡುತ್ತಾ ನಿಂತೆ.

ಅವರು ನನ್ನನ್ನು ನೋಡಿದರು, ನನ್ನ ಕೋಟು ನೋಡಿದರು.

"ಓದ್ಯಾರ," ಅಂದರು. "ನಾನೇ ಮರತೀನಿ."

"ಹಾಗಾದರೆ ಹೂಡು."

"ಎತ್ತು ಹೂಡಂಗಿಲ್ಲರೀ." ಹೀಗಂದು ಕಾಕಾ ಮೊಟ್ಟೆಯ ಕಡೆ ಹೋದರು. ದಪ್ಪ ಹಗ್ಗ ಎತ್ತಿ ತಮ್ಮ ಹೆಗಲಿಗೆ ಹಾಕಿಕೊಂಡರು. ಖಣಿಯವರ ಕಡೆ ತಿರುಗಿ, "ಎತ್ತಿಗೆ ಸೋಮವಾರ. ನಮಗೇನಿಲ್ಲ. ಬರ್ರಿ ಯಾರರ," ಅಂದರು.

ಹಾರೆ ಹಿಡಿಯುವವರು, ಕಲ್ಲು ಹೊರುವವರು ಬಂದು ಹಗ್ಗಕ್ಕೆ ಜೋಡಿಯಾದರು. ಹತ್ತು ಮಂದಿ ಇಳಿಜಾರಿನಲ್ಲಿ ಇಳಿದರೆ ಮೊಟ್ಟೆ ಮೇಲೆ ಬರುತ್ತಿತ್ತು, ಕಾಲುವೆಗೆ ಸುರಿಯುತ್ತಿತ್ತು. ಮತ್ತೆ ಹಿಂದೆ ಹತ್ತಬೇಕು. ಒಬ್ಬ, "ಕಾಕಾ, ನಮಗೂ ಕೊಂಬಿಗೆ ಎಣ್ಣಿ ಹಚ್ಚರಿ," ಅಂದ. ಇನ್ನೊಬ್ಬ, "ಮೊದಲ ಹಿಂಡಿ ತಿನಸ್ರಿ, ಆಮ್ಯಾಲ ಎಣ್ಣಿ," ಅಂದ. ನಗುತ್ತಾ ಎಳೆದರು, ಆಮೇಲೆ ನಗದೆ ಎಳೆದರು. ನಾನು ಕೋಟು ತೆಗೆದು ಹಗ್ಗಕ್ಕೆ ಕೈ ಹಾಕಿದೆ. ಕಾಕಾ ಮುಂದಿನಿಂದ ತಿರುಗಿ ನೋಡಿ, "ಬಿಡ್ರಿ ಸಾಹೇಬ್ರ. ನಿಮಗ್ಯಾಕ," ಅಂದರು.

ಅವತ್ತಿನ ತನಕ ಅವರು ನನಗೆ ಸಾಹೇಬ್ರ ಅಂದಿರಲಿಲ್ಲ. ನಾನು ಕೈ ಬಿಟ್ಟೆ.

ಸಂಜೆಗೆ ಬಿಜಲಿ ಬಂತು. ಆಗ ನೀರು ಕಟ್ಟೆಗೆ ಒಂದು ಗೇಣು ಕೆಳಗಿತ್ತು. ಮೋಟರು ಉಳಿಯಿತು, ಖಣಿ ಉಳಿಯಿತು. ಕಾಕಾನ ಹೆಗಲು ಹಗ್ಗ ತಿಕ್ಕಿ ಕಿತ್ತುಹೋಗಿತ್ತು. ಅವರು ಎತ್ತಿಗೆ ನೀರು ಕುಡಿಸಿ, ಮೇವು ಹಾಕಿ, ಆಮೇಲೆ ಕುಂತರು.

ಮರುದಿನ ಸಾಹೇಬರು ನನ್ನನ್ನು ಕರೆದು, "ನೀರು ನಿಂತಿದ್ದು ಬೇರೆ ಮಾತು," ಅಂದರು. "ಹೆಬ್ಬೆಟ್ಟು ಒತ್ತಿ ಆಮೇಲೆ ಆಗುವುದಿಲ್ಲ ಅಂದರೆ ನಾಳೆ ಇಂಜಿನ್ನಿನವನೂ ಅಂದಾನು. ಅವನೂ ಬೇಡ, ಅವನ ಎತ್ತೂ ಬೇಡ. ಕಾಗದ ಮಾಡಿ." ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಅವರ ಕೈಯಲ್ಲಿದ್ದ ಕಾಗದದಲ್ಲಿ ತಪ್ಪಿತ್ತು, ಅದನ್ನು ಬರೆದವ ಎದುರಿಗೆ ನಿಂತಿದ್ದ. ನಾನು ಕಾಗದ ಮಾಡಿದೆ. ಹೆಬ್ಬೆಟ್ಟು ಒತ್ತಿದ ಮಾತಿಗೆ ಮುಕರಿದ ಕಾರಣ, ಅಂದರೆ ಒಪ್ಪಿ ಆಮೇಲೆ ಮಾತು ತಪ್ಪಿದ ಕಾರಣ ಅಂತ ಬರೆದೆ. ಒಳ್ಳೆಯ ಉರ್ದುವೇ ಬರೆದೆ. ಈ ಸಲ ಕಾಕಾನಿಗೆ ಒಂದು ಸಾಲೂ ಬಿಡದೆ ಓದಿ ಹೇಳಿದೆ. ಅವರು ಏನೂ ಕೇಳದೆ ಎತ್ತು ಬಿಚ್ಚಿಕೊಂಡು ಚಿತ್ತಾಪುರದ ದಾರಿ ಹಿಡಿದರು. ಅಲ್ಲಿಂದ ಅವರ ಊರು ಇನ್ನೂ ಒಂದು ದಿನದ ನಡಿಗೆ.

ನಾಲ್ಕು ತಿಂಗಳು ನಾನು ಸುಮ್ಮನಿದ್ದೆ. ಸುಗ್ಗಿಯ ಹೊತ್ತಿಗೆ ವಾಡಿಗೆ ಹೋದಾಗ ಮಾಮು ಸಿಕ್ಕ. ಪರ್ಸಿ ಇಳಿಸುತ್ತಲೇ ಮಾತಾಡಿದ.

"ನಿಮ್ಮ ಕಾಕಾ ಇಲ್ಲಿಗೂ ಬಂದಿದ್ದ ಸಾಬ್, ಬಂಡಿ ಹೂಡತೀನಿ ಅಂತ. ಗುತ್ತೇದಾರ ಬ್ಯಾಡ ಅಂದ. ಅಂಗೂಠಾ ಒತ್ತಿ ಮುಕರಾವ ನೀನೇ ಅಲ್ಲೇನು ಅಂದ. ಚಿತ್ತಾಪುರದಾಗೂ ಹಂಗೇ ಅಂದರಂತ." ಕಲ್ಲು ಕೆಳಗಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡ. "ಇಪ್ಪತ್ತು ವರ್ಷ ಅವನ ಜೋಡಿ ಕೆಲಸ ಮಾಡೀನಿ. ಅವ ಶುಕ್ರವಾರ ಬರತೀನಿ ಅಂದು ಬರದಿದ್ದು ಒಂದು ಸರ್ತಿನೂ ಇಲ್ಲ. ಏನಾಗಿತ್ತು ಅವತ್ತು?"

ನಾನು ರೈಲಿಗೆ ಹೊತ್ತಾಯಿತು ಅಂತ ಹೇಳಿ ಬಂದುಬಿಟ್ಟೆ. ಆದರೆ ಆ ವಾರವೇ ಸೇಡಂಗೆ ಹೋಗಿ ಇಳಿದೆ. ಅಲ್ಲಿಂದ ಕಾಗಿಣಾದ ದಂಡೆ ಹಿಡಿದು ನಡೆದು ಅವರ ಊರಿಗೆ ಹೋದೆ. ಕಾಕಾ ಯಾರದೋ ಹೊಲದಲ್ಲಿ ಕಡಲೆ ಕೀಳುತ್ತಿದ್ದರು. ಎತ್ತು ಕಾಣಲಿಲ್ಲ.

"ಬರ್ರಿ ಸಾಹೇಬ್ರ," ಅಂದು ಬದುವಿನ ಮೇಲೆ ಧೋತರದ ಸೆರಗಿನಿಂದ ಮಣ್ಣು ಒರೆಸಿ ಜಾಗ ಮಾಡಿಕೊಟ್ಟರು. ಹಸಿ ಕಡಲೆ ಸುಲಿದು ನನ್ನ ಅಂಗೈಗೆ ಹಾಕಿದರು.

"ಕಾಕಾ, ಆ ಸಾಲು ನಾ ನಿಮಗ ಓದಿರಲಿಲ್ಲ," ಅಂದೆ.

"ಗೊತ್ತದ."

ನಾನು ತಲೆ ಎತ್ತಿ ನೋಡಿದೆ.

"ನೀವು ಓದುವಾಗ ಬೆರಳು ಒಂದು ಸಾಲು ಬಿಟ್ಟು ಜಿಗೀತಲ್ಲ. ನನಗ ಅಕ್ಷರ ಬರಂಗಿಲ್ಲ, ಕಣ್ಣು ಕಾಣತಾವ. ಸಾಲು ಬಿಟ್ಟು ಬಿತ್ತಿದವನನ್ನ ನಾವು ದಂಡಿಗೆ ನಿಂತೇ ಹಿಡೀತೀವಿ."

"ಮತ್ತ ಯಾಕ ಹೆಬ್ಬೆಟ್ಟು ಒತ್ತಿದ್ರಿ?"

"ಓದಿದ ಹುಡುಗ, ನಮ್ಮವ. ಬಿಟ್ಟಾನಂದರ ಏನೋ ಒಂದು ಕಾರಣ ಇರತದ, ನಮ್ಮ ಒಳ್ಳೇದಕ್ಕೇ ಇರತದ ಅಂದೆ."

ನನ್ನ ಕೈಯಲ್ಲಿದ್ದ ಕಡಲೆ ತಿನ್ನಲೂ ಆಗಲಿಲ್ಲ, ಕೆಳಗೆ ಹಾಕಲೂ ಆಗಲಿಲ್ಲ. ಅವತ್ತು ಖಣಿಯ ದಂಡೆಯ ಮೇಲೆ ಯಾಕೆ ಓದ್ಯಾರ ಅಂದಿರಿ ಅಂತಲೂ ಕೇಳಿದೆ. "ನಿಮ್ಮ ನೌಕರಿ ಹೋಗತಿತ್ತಲ್ಲ," ಅಂದರು. "ನಮ್ಮ ಕಡಿಂದ ದಫ್ತರಿನಾಗ ಕುಂತವ ನೀವೊಬ್ಬರೇ."

ಹೊರಡುವಾಗ ಅವರು ಒಂದು ಮಾತು ಕೇಳಿದರು. ಆಗ ಮತ್ತೆ ತಮ್ಮಾ ಅಂದರು.

"ನನಗ ನೌಕರಿ ಬ್ಯಾಡ ತಮ್ಮಾ. ಹಗ್ಗ ಹಿಡಿಯೋ ವಯಸ್ಸೂ ಉಳಿದಿಲ್ಲ. ಮುಕರಾವ ಅನ್ನೋದೊಂದು ತೆಗಿಸಿಬಿಡು. ನಿಮ್ಮ ಸಾಹೇಬರ ಮುಂದ ಒಂದು ಮಾತು ಹೇಳು, ಸಾಕು. ಅವರ ಬಾಯಿಂದ ವಾಡಿಗೆ, ಚಿತ್ತಾಪುರಕ ತಾನೇ ಹೋಗತದ."

ಹೇಳತೀನಿ ಅಂದೆ. ನಿಜವಾಗಿಯೂ ಹೇಳಬೇಕೆಂದೇ ಅಂದೆ.

ಶಹಾಬಾದಿಗೆ ಬಂದು ಮೊದಲು ಇಂತಜಾಮಿನ ಕಾಗದವನ್ನು ಹೊಸದಾಗಿ ಬರೆದೆ. ಎರಡು ಜೋಡಿ ಎತ್ತು. ಸೋಮವಾರ ಲಿಂಗಾಯತರ ಎತ್ತು ಹೂಡುವುದಿಲ್ಲ, ಶುಕ್ರವಾರ ಮುಸಲ್ಮಾನ ಬಂಡಿಯವರು ನಮಾಜಿಗೆ ಹೋಗುತ್ತಾರೆ, ಆದ್ದರಿಂದ ಒಬ್ಬರ ದಿನ ಇನ್ನೊಬ್ಬರು ನೋಡತಕ್ಕದ್ದು. ಎಣ್ಣೆ ಅರ್ಧಕ್ಕೆ ಇಳಿದರೆ ತಿಳಿಸತಕ್ಕದ್ದು. ಎತ್ತು ಸಿಗದಿದ್ದರೆ ಹಗ್ಗ ಎಳೆಯಲು ಹತ್ತಾಳು. ಎಲ್ಲವನ್ನೂ ಬಿಚ್ಚಿ ಬರೆದು ಸಾಹೇಬರ ಮುಂದೆ ಇಟ್ಟೆ. ಹೇಳುವ ಮಾತನ್ನು ದಾರಿಯುದ್ದಕ್ಕೂ ಉರ್ದುವಿನಲ್ಲಿ ಬಾಯಿಪಾಠ ಮಾಡಿದ್ದೆ.

ಅವರು ಪೂರ್ತಿ ಓದಿದರು. ಸೋಮವಾರದ ಸಾಲಿನ ಹತ್ತಿರ ನಿಂತರು.

"ಹೌದಲ್ಲ," ಅಂದರು. "ಇದು ಗೊತ್ತಿರಬೇಕಾದ್ದೇ. ಮೊದಲನೇ ಕಾಗದದಲ್ಲೇ ಬಂದಿದ್ದರೆ ಒಳ್ಳೆಯದಿತ್ತು."

ನಗಲಿಲ್ಲ. ಕಂಪನಿಯೋ ಮಠವೋ ಅನ್ನಲಿಲ್ಲ. ಸಹಿ ಹಾಕಿ, ಶಾಯಿ ಒತ್ತಿ, ಕಾಗದ ನನ್ನ ಕಡೆ ಸರಿಸಿದರು. "ಈ ಕೆಲಸದಲ್ಲಿ ನಿಮ್ಮಷ್ಟು ತಲೆ ಓಡಿಸುವವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ದೊಡ್ಡ ದಫ್ತರಿಗೆ ನಿಮ್ಮ ಹೆಸರು ಬರೆಯುತ್ತೇನೆ," ಅಂದರು. ನಾನು ಅಲ್ಲೇ ನಿಂತಿದ್ದನ್ನು ನೋಡಿ ಕೇಳಿದರು: "ಮತ್ತೇನಾದರೂ ಇದೆಯೇ?"

"ಇಲ್ಲ ಸಾಹೇಬ್," ಅಂದೆ.

ಆಮೇಲೆ ಆ ಮಾತು ಹೇಳಲು ದಿನಾ ಅವಕಾಶ ಇತ್ತು, ಅವರು ಬದಲಿಯಾಗಿ ಹೋಗುವ ತನಕ. ಹೊಸ ಕಾಗದದ ಮೇಲೆ ಬಿಜಲಿ ಹೋದ ದಿನಗಳೆಲ್ಲ ಸುಸೂತ್ರ ದಾಟಿದವು. ಬೇರೆ ಖಣಿಯವರೂ ಅದನ್ನು ನಕಲು ಮಾಡಿಕೊಂಡು ಹೋದರು. ನನಗೆ ಬಡ್ತಿ ಸಿಕ್ಕಿತು. ಕೆಲಸದ ಮೇಲೆ ಹೈದರಾಬಾದಿಗೆ ಹೋಗುವಾಗ ರೈಲು ಸೇಡಂನಲ್ಲಿ ನಿಲ್ಲುತ್ತಿತ್ತು. ಪ್ಲಾಟ್‌ಫಾರ್ಮಿನ ಕಡೆಯ ಕಿಟಕಿ ಬಿಟ್ಟು ಆಚೆ ಬದಿಗೆ ಸರಿದು ಕುಂದ್ರುತ್ತಿದ್ದೆ. ಎರಡು ವರ್ಷದ ಮೇಲೆ ಮಾಮು ಬಂದು ಕಾಕಾ ಹೋದ ಸುದ್ದಿ ಹೇಳಿದ. ಕಡೆಯ ತನಕ ಕೂಲಿನಾಲಿಯ ಮೇಲೆಯೇ ಇದ್ದರಂತೆ, ಯಾರೂ ಬಂಡಿ ಹೂಡಲು ಕರೆಯಲಿಲ್ಲವಂತೆ.

ಈಗ ಸಾಹೇಬರಿಲ್ಲ, ಮಾಮು ಇಲ್ಲ, ಆ ಗುತ್ತೇದಾರನೂ ಇಲ್ಲ. ಕಾಕಾ ಹೇಳು ಅಂದಿದ್ದನ್ನು ಕೇಳಬೇಕಾದವರು ಒಬ್ಬರೂ ಉಳಿದಿಲ್ಲ. ಅವರ ಮನೆಯ ಮೊಮ್ಮಕ್ಕಳು ಓದಿದ್ದಾರೆ ಅಂತ ಕೇಳಿದ್ದೇನೆ. ಅವರಲ್ಲಿ ಯಾರಿಗಾದರೂ ಈ ಬರಹ ಕಂಡರೆ ಸಾಕು. ನಿಮ್ಮ ಅಜ್ಜ ಮುಕರಲಿಲ್ಲ. ಆ ಸಾಲು ಅವರಿಗೆ ಓದಿ ಹೇಳಿರಲಿಲ್ಲ. ಓದಬೇಕಾದವ ನಾನು.